ಪಿನ್‌ಬಾಲ್ ಬಟನ್ ರಿಪೇರಿ: ನನ್ನ ಅನುಭವ

ಪಿನ್‌ಬಾಲ್ ಅಂದರೆ ಇಳಿಜಾರು ಹಲಗೆಯ ಮೇಲೆ ಉರುಳುವ ಚೆಂಡನ್ನು ಪಕ್ಕದ ಬಟನ್ ಒತ್ತಿ ಮತ್ತೆ ಮೇಲಕ್ಕೆ ಹೊಡೆಯುವ ಆಟದ ಯಂತ್ರ. ಅದರ ಬಟನ್ ಕೆಟ್ಟಿದೆ ಎಂದು ಕರೆ ಬಂದರೂ ನನ್ನ ಕಣ್ಣು ಮೊದಲು ಹೋಗುವುದು ಬಟನ್ನಿನ ಹಿಂದಿರುವ ಲೀಫ್ ಸ್ವಿಚ್ಚಿನ (ತೆಳು ಲೋಹದ ಪಟ್ಟಿಗಳ ಸ್ವಿಚ್ಚಿನ) ಕಡೆಗೆ. ಚಿಕ್ಕಮಗಳೂರಲ್ಲಿ ನನ್ನದು ಮಿಕ್ಸಿ, ಯುಪಿಎಸ್, ಸ್ಟೆಬಿಲೈಜರ್ ರಿಪೇರಿ ಅಂಗಡಿ. ಪಿನ್‌ಬಾಲ್ ನನ್ನ ಪಾಲಿಗೆ ಬಂದದ್ದು ಆಲ್ದೂರು ಕಡೆಯ ಒಂದು ಎಸ್ಟೇಟ್ ಬಂಗಲೆಯಿಂದ. ಅಲ್ಲಿ 1980ರ ದಶಕದ ಕೊನೆಯ, ಅಮೆರಿಕದ ವಿಲಿಯಮ್ಸ್ ಕಂಪನಿಯ ಯಂತ್ರವೊಂದಿದೆ. ಬಂಗಲೆ ಈಗ ಹೋಂಸ್ಟೇ. ಜಡಿಮಳೆಯಲ್ಲಿ ಹೊರಗೆ ಕಾಲಿಡಲಾಗದ ಮಕ್ಕಳೆಲ್ಲ ಅದಕ್ಕೇ ಮುತ್ತಿಕೊಳ್ಳುತ್ತಾರೆ. "ಎಡಗಡೆ ಬಟನ್ ಒತ್ತಿದ್ರೆ ಒಳಗೇ ಕೂತ್ಬಿಡುತ್ತೆ ಮಾರಾಯ, ಬಂದು ನೋಡು" ಅಂದರು ಬಂಗಲೆಯ ಗೌಡರು.

ಒಳಗಿನ ವ್ಯವಸ್ಥೆ ಸರಳ. ಬಟನ್ ಒತ್ತಿದರೆ ಅದರ ಹಿಂಬದಿಯ ಕಡ್ಡಿ ಒಂದು ತೆಳು ಲೋಹದ ಪಟ್ಟಿಯನ್ನು ತಳ್ಳಿ ಇನ್ನೊಂದಕ್ಕೆ ಮುಟ್ಟಿಸುತ್ತದೆ, ಕಾಯಿಲ್‌ಗೆ (ತಂತಿ ಸುತ್ತಿದ ವಿದ್ಯುತ್ಕಾಂತಕ್ಕೆ) ಕರೆಂಟ್ ಹೋಗಿ ಚೆಂಡನ್ನು ಹೊಡೆಯುವ ಪುಟ್ಟ ತೋಳು, ಅಂದರೆ ಫ್ಲಿಪ್ಪರ್, ಏಳುತ್ತದೆ. 1947ರಲ್ಲಿ ಗಾಟ್ಲೀಬ್ ಕಂಪನಿಯ ಹ್ಯಾರಿ ಮ್ಯಾಬ್ಸ್ 'ಹಂಪ್ಟಿ ಡಂಪ್ಟಿ' ಯಂತ್ರಕ್ಕೆ ಫ್ಲಿಪ್ಪರ್ ಕೂರಿಸುವ ಮುಂಚೆ, ಚೆಂಡಿನ ದಾರಿ ತಪ್ಪಿಸಲು ಇಡೀ ಯಂತ್ರವನ್ನೇ ಅಲುಗಾಡಿಸಬೇಕಿತ್ತು. ಗೌಡರ ಮನೆಗೆ ಬರುವ ಕೆಲವು ದೊಡ್ಡವರು ಈಗಲೂ ಅದನ್ನೇ ಮಾಡುತ್ತಾರೆ.

ಕೆಲಸಕ್ಕೆ ಕೈ ಹಾಕುವ ಮುಂಚೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಅಮೆರಿಕದ ಯಂತ್ರವಾದ್ದರಿಂದ ಪಕ್ಕದಲ್ಲೊಂದು, ನಮ್ಮ ವೋಲ್ಟೇಜ್ ಇಳಿಸಿಕೊಡುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದನ್ನೂ ಗೋಡೆಯಿಂದ ಬಿಡಿಸಿ. ಈ ಕಾಲದ ವಿಲಿಯಮ್ಸ್‌ಗಳಲ್ಲಿ ಫ್ಲಿಪ್ಪರ್ ಕಾಯಿಲ್‌ನ ಸುಮಾರು 50 ವೋಲ್ಟ್ ಡಿ.ಸಿ. ನೇರ ಬಟನ್ ಹಿಂದಿನ ಪಟ್ಟಿಯ ಮೂಲಕವೇ ಹಾಯುತ್ತದೆ. ಮೇಲಿನ ಗಾಜು ಟೆಂಪರ್ಡ್. ತೆಗೆದ ಮೇಲೆ ಅದರ ಅಂಚು ಕಲ್ಲು ನೆಲಕ್ಕೆ ತಾಗಿದರೆ ಪುಡಿಪುಡಿ. ಚಾಪೆಯ ಮೇಲೆ ಮಲಗಿಸಿಡಿ. ಚೆಂಡುಗಳನ್ನು ತೆಗೆದಿಟ್ಟೇ ಆಟದ ಹಲಗೆ ಎತ್ತಬೇಕು.

ಸ್ವಿಚ್ಚಿನ ಸ್ಕ್ರೂ ಬಿಚ್ಚಿ ಪಕ್ಕಕ್ಕೆ ಸರಿಸಿದರೆ ಬಟನ್ನಿನ ನಟ್ ಕಾಣುತ್ತದೆ. ತೆಳ್ಳಗಿನದು, ಅದೂ ಮರದ ಕುಳಿಯೊಳಗೆ ಕೂತಿರುತ್ತದೆ, ಸಾಮಾನ್ಯ ಪಾನಾ ಒಳಗೆ ಹೋಗುವುದೇ ಇಲ್ಲ. ನಾನು ಮಾಡಿದ್ದು ಇಷ್ಟು: ಹೊಸ ನಟ್ಟಿಗಿಂತ ತುಸುವೇ ಅಗಲದ ಪಿವಿಸಿ ಪೈಪಿನ ತುಂಡು ತೆಗೆದುಕೊಂಡು, ತುದಿಯನ್ನು ಕುದಿಯುವ ನೀರಲ್ಲಿ ಮೆತ್ತಗೆ ಮಾಡಿ, ನಟ್ಟಿನ ಮೇಲೆ ಒತ್ತಿ ಆರಲು ಬಿಟ್ಟೆ. ನಟ್ಟಿನ ಮೂಲೆಗಳೆಲ್ಲ ಅಚ್ಚಾಗಿ ಬಂದವು, ಬಾಕ್ಸ್ ಸ್ಪ್ಯಾನರ್ ತಯಾರು. ನಟ್ ತಿರುಗಿಸುವಾಗ ಹೊರಗಿನ ಬಟನ್ ಕೂಡ ಜೊತೆಗೇ ತಿರುಗುತ್ತದೆ, ಅದನ್ನು ಹಿಡಿಯಲು ಸೈಕಲ್ ಟ್ಯೂಬಿನ ಚೂರು. ಕಟ್ಟಿಂಗ್ ಪ್ಲೇಯರ್ ಹಾಕಬೇಡಿ, ಪೆಟ್ಟಿಗೆಯ ಚಿತ್ರ ಕೆರೆದುಹೋಗುತ್ತದೆ. ತುಕ್ಕು ಹಿಡಿದು ನಟ್ ಅಲುಗದಿದ್ದರೆ ಎಣ್ಣೆ ಬಿಟ್ಟು ಕಾಯುವುದಕ್ಕಿಂತ, ಹೇಗೂ ಬಿಸಾಡುವ ಬಟನ್ ತಾನೇ, ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದುಬಿಡುವುದು ಲೇಸು.

ಹೊಸ ಬಟನ್ ತರಿಸುವ ಮುಂಚೆ ಹಳೆಯದರ ಉದ್ದ ಅಳೆಯಿರಿ. ಸಾಮಾನ್ಯವಾಗಿ ಸಿಗುವುದು 1 1/8 ಇಂಚು ಮತ್ತು 1 3/8 ಇಂಚಿನವು. ಗಿಡ್ಡದು ಬಂದರೆ ಪಟ್ಟಿಗೆ ಎಟುಕುವುದಿಲ್ಲ, ಉದ್ದದ್ದು ಬಂದರೆ ನಾವು ಬಟನ್ ಮುಟ್ಟದೆಯೇ ಪಟ್ಟಿಯನ್ನು ಒತ್ತಿಕೊಂಡಿರುತ್ತದೆ. ಬಟನ್ನಿಗಿಂತ ಪೋಸ್ಟೇಜೇ ದುಬಾರಿ ಆಗುವುದರಿಂದ ಒಂದೇ ಸಲಕ್ಕೆ ನಾಲ್ಕಾರು ತರಿಸಿಡುವುದು ವಾಸಿ. ಪಾರ್ಸೆಲ್ ಬರುವವರೆಗೆ ಲೇತ್ ಅಂಗಡಿಯಲ್ಲಿ ಕಡೆಸಿಕೊಳ್ಳಬಹುದು, ಆದರೆ ನೈಲಾನ್ ರಾಡ್ ಬೇಡ. ನೈಲಾನ್ ತೇವ ಹೀರಿ ಉಬ್ಬುತ್ತದೆ. ಜುಲೈ ತಿಂಗಳ ಆಲ್ದೂರಲ್ಲಿ ಅದು ತೂತಿನಲ್ಲೇ ಬಿಗಿಯಾಗಿ ಕೂರುತ್ತದೆ. ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ರಾಡ್ ಕೇಳಿ, ಅದಕ್ಕೆ ನೀರಿನ ಆಸೆ ಕಡಿಮೆ. ನಟ್ಟನ್ನು ಕೈಯಲ್ಲಿ ಬಿಗಿಮಾಡಿ ಮೇಲೊಂದು ಕಾಲು ಸುತ್ತು ಸಾಕು, ಜಾಸ್ತಿಯಾದರೆ ಪ್ಲಾಸ್ಟಿಕ್ ಸೀಳುತ್ತದೆ.

ಇನ್ನು ಆಟಗಾರನ ಬೆರಳಿಗೆ ವ್ಯತ್ಯಾಸ ಗೊತ್ತಾಗುವ ಕೆಲಸ, ಲೀಫ್ ಸ್ವಿಚ್. ಮೊದಲು ಅದರ ಬುಡದ ಎರಡು ಸ್ಕ್ರೂ ಬಿಗಿ ಮಾಡಿ. ಅವು ಸಡಿಲವಿದ್ದರೆ ಎಷ್ಟು ಬಗ್ಗಿಸಿದರೂ ನಾಳೆಗೆ ಮತ್ತೆ ಮೊದಲಿನಂತೆಯೇ. ಬಗ್ಗಿಸುವುದು ಬುಡದ ಹತ್ತಿರ. ತುದಿ ಹಿಡಿದು ಬಗ್ಗಿಸಿದರೆ ಪಟ್ಟಿಗಳು ಒಂದಕ್ಕೊಂದು ಮುಟ್ಟುವ ಎರಡು ಪಾಯಿಂಟ್‌ಗಳು ಓರೆಯಾಗಿ ಕೂರುತ್ತವೆ. ಇದಕ್ಕೆಂದೇ ಸಾಧನ ಮಾರುತ್ತಾರೆ, ನಾನಂತೂ ಹಳೆಯ ಸ್ಕ್ರೂಡ್ರೈವರಿನ ತುದಿಗೆ ಹ್ಯಾಕ್ಸಾದಲ್ಲಿ ಒಂದು ಸೀಳು ಕೊಯ್ದುಕೊಂಡಿದ್ದೇನೆ. ಪಾಯಿಂಟ್‌ಗಳ ನಡುವೆ ಒಂದೂವರೆ ಮಿಲಿಮೀಟರ್ ಅಂತರ ಬಿಟ್ಟು, ಬಟನ್ ಒತ್ತಿದಾಗ ಎರಡನೇ ಪಟ್ಟಿಯೂ ಕೊಂಚ ಹಿಂದೆ ಸರಿಯುವಂತೆ ನೋಡಿ. ಹಾಗೆ ಸರಿಯುವಾಗ ಪಾಯಿಂಟ್‌ಗಳು ಒಂದನ್ನೊಂದು ಉಜ್ಜಿಕೊಂಡು ಶುದ್ಧವಾಗಿರುತ್ತವೆ.

ಸ್ವಚ್ಛ ಮಾಡುವಾಗ ಯಂತ್ರದ ಕಾಲ ನೋಡಬೇಕು. ಗೌಡರ ಯಂತ್ರದಂಥವಕ್ಕೆ ಟಂಗ್‌ಸ್ಟನ್ ಪಾಯಿಂಟ್, ಕಿಡಿ ಹಾರಿ ಕಪ್ಪಾಗುತ್ತವೆ, ಸಣ್ಣ ಅರದಿಂದ ಉಜ್ಜಬಹುದು. 1992ರ ಸುಮಾರಿಗೆ ವಿಲಿಯಮ್ಸ್‌ನವರು ಕಾಯಿಲ್ ನಡೆಸುವ ಕೆಲಸವನ್ನು ಎಲೆಕ್ಟ್ರಾನಿಕ್ ಬೋರ್ಡಿಗೆ ವಹಿಸಿದರು. ಅಲ್ಲಿಂದಾಚೆಗೆ ಬಟನ್ ಸ್ವಿಚ್ಚಲ್ಲಿ ಹರಿಯುವುದು ಸಣ್ಣ ಕರೆಂಟ್, ಪಾಯಿಂಟಿಗೆ ಚಿನ್ನದ ಲೇಪ. ಅದಕ್ಕೆ ಅರ ಹಾಕಿದರೆ ಲೇಪವೇ ಹೋಗುತ್ತದೆ. ನುಣುಪಿಲ್ಲದ ಗಟ್ಟಿ ಕಾಗದ, ಹಳೆಯ ಲಗ್ನಪತ್ರಿಕೆಯ ಹಿಂಬದಿಯಾದರೂ ಸರಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೋಯಿಸಿ ನಡುವೆ ಎಳೆದರೆ ಸಾಕು. ಇನ್ನೂ ಈಚಿನ ಕೆಲವದರಲ್ಲಿ ಪಟ್ಟಿಯೇ ಇಲ್ಲ, ಬೆಳಕಿನ ಕಿರಣ ಕಡಿದು ಕೆಲಸ ಮಾಡುವ ಆಪ್ಟೊ ಬೋರ್ಡ್. ಅದರ ಧೂಳು ಒರೆಸಿದರೆ ಆಯಿತು.

"ಒಂದು ಹನಿ ಕೊಬ್ಬರಿ ಎಣ್ಣೆ ಬಿಡ್ಲಾ?" ಅಂತ ಗೌಡರು ಕೇಳಿದರು. ಬೇಡ ಗೌಡ್ರೇ ಅಂದೆ. ಎಣ್ಣೆಯಾಗಲಿ, ಡಬ್ಲ್ಯುಡಿ-40 ಆಗಲಿ ಧೂಳನ್ನು ಮೆತ್ತಿಕೊಂಡು ಅಂಟಾಗುತ್ತದೆ, ಜೊತೆಗೆ ಕಿಡಿ ಹಾರುವ ಜಾಗ ಬೇರೆ.

ಸ್ಟಾರ್ಟ್ ಬಟನ್ ಬದಲಿಸುವುದು ಇದಕ್ಕಿಂತ ಸುಲಭ. ವೈರ್ ಬಿಚ್ಚುವ ಮುಂಚೆ ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ. ಒಳಗಿನ 6.3 ವೋಲ್ಟಿನ ಬಲ್ಬಿನ ಬದಲು ಎಲ್‌ಇಡಿ ಹಾಕಿದರೆ ಪ್ಲಾಸ್ಟಿಕ್ ಬಿಸಿಯಾಗುವುದಿಲ್ಲ. ಮಳೆಗಾಲದಲ್ಲಿ ವಾರಕ್ಕೆರಡು ಸಲ ಅರ್ಧ ಗಂಟೆ ಯಂತ್ರ ಆನ್ ಮಾಡಿಡಿ ಎಂದು ಗೌಡರಿಗೆ ಹೇಳಿ ಬಂದಿದ್ದೇನೆ, ಒಳಗಿನ ಥಂಡಿ ಆರಲಿ ಅಂತ.