ಡಿಕಾಕ್ಷನ್ ಇಳಿಯುವಷ್ಟು ಹೊತ್ತು

ಬೆಂಗಳೂರಿನ ಸಂಸಾರಸ್ಥರ ಮನೆಯಲ್ಲಿ ಬೆಳಗಿನ 6ರಿಂದ 8ರವರೆಗೆ ಏನೆಲ್ಲ ನಡೆಯುತ್ತದೆ ಎಂಬುದು ಓದುಗರಿಗೆ ಗೊತ್ತೇ ಇದೆ. ಕುಕ್ಕರ್ ಕೂಗುತ್ತಿರುವಾಗಲೇ ಮಗುವಿನ ಒಂದು ಕಾಲುಚೀಲ ಕಾಣೆಯಾಗಿರುತ್ತದೆ. ಸ್ಕೂಲ್ ವ್ಯಾನಿನವರು ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿರುತ್ತಾರೆ. ಇಂತಹ ಮನೆ ತಾನಾಗಿ ಶಾಂತವಾಗಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಗದ್ದಲ ಏಳುವ ಮೊದಲು ಕಾಲು ಗಂಟೆಯನ್ನು ಎತ್ತಿಟ್ಟುಕೊಳ್ಳುವುದು ಸಾಧ್ಯ, ಮತ್ತು ಅದನ್ನು ಅಳೆಯುವ ಸಾಧನ ಅಡುಗೆಮನೆಯಲ್ಲೇ ಇದೆ: ಕಾಫಿ ಫಿಲ್ಟರ್.

ಕೆಲಸ ಆರಂಭವಾಗುವುದು ಹಿಂದಿನ ರಾತ್ರಿ. ಫಿಲ್ಟರಿನ ಮೇಲಿನ ಪಾತ್ರೆಗೆ ಮೂರು ದೊಡ್ಡ ಚಮಚ ಪುಡಿ ಹಾಕಿ, ಮಟ್ಟ ಮಾಡಿ, ಮುಚ್ಚಿಡಿ. ಯೂನಿಫಾರ್ಮ್, ಶೂ, ಊಟದ ಡಬ್ಬಿ ಒಂದೇ ಜಾಗದಲ್ಲಿರಲಿ. ಮೊಬೈಲನ್ನು ಹಾಲ್‌ನಲ್ಲಿ ಬಿಟ್ಟು, ಮಲಗುವ ಕೋಣೆಯಲ್ಲಿ ಅಲಾರಂ ಗಡಿಯಾರವನ್ನಷ್ಟೇ ಇಟ್ಟುಕೊಳ್ಳಿ. ಬೇಗ ಏಳುವುದಕ್ಕಾಗಿ ನಿದ್ದೆಯನ್ನು ಕತ್ತರಿಸಬಾರದು. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಬ್ರಾಹ್ಮೀ ಮುಹೂರ್ತ ಸೂರ್ಯೋದಯಕ್ಕೆ 96 ನಿಮಿಷ ಮೊದಲೇ ಶುರುವಾಗುತ್ತದೆಂಬ ಲೆಕ್ಕವನ್ನು ಗೌರವದಿಂದಲೇ ಪಕ್ಕಕ್ಕಿಡಿ. ರಾತ್ರಿ 11ಕ್ಕೆ ಮಲಗುವವರಿಗೆ ಅದು ಹೊಂದುವುದಿಲ್ಲ. ಮನೆಯವರಿಗಿಂತ 20 ನಿಮಿಷ ಮುಂಚೆ ಎದ್ದರೆ ಸಾಕು.

ಎದ್ದು ಮುಖ ತೊಳೆದ ಮೇಲೆ ನೀರು ಕುದಿಸಿ, ಪುಡಿಯ ಮೇಲೆ ನಿಧಾನವಾಗಿ ಸುರಿದು ಮುಚ್ಚಳ ಹಾಕಿ. ಪುಡಿಯನ್ನು ಗಟ್ಟಿಯಾಗಿ ಅದುಮಿದ್ದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ, ತೀರ ಸಡಿಲ ಬಿಟ್ಟರೆ ತೆಳ್ಳಗೆ ಬೇಗ ಸುರಿದುಹೋಗುತ್ತದೆ. ಹದವಾಗಿದ್ದರೆ 15ರಿಂದ 20 ನಿಮಿಷ ಹಿಡಿಯುತ್ತದೆ. ಕೆಳಗಿನ ಪಾತ್ರೆಗೆ ಹನಿ ಬೀಳುವ ಸದ್ದು ಆ ಹೊತ್ತಿನಲ್ಲಿ ಮಾತ್ರ ಕೇಳಿಸುತ್ತದೆ. ಎಷ್ಟು ಅವಸರವಿದ್ದರೂ ಅದನ್ನು ಬೇಗ ಇಳಿಸಲಾಗದು, ಆದ್ದರಿಂದಲೇ ಆ ಹೊತ್ತು ನಿಮ್ಮದಾಗಿ ಉಳಿಯುತ್ತದೆ.

ಈಗ ಕೈಗೆ ಕೆಲಸ ಕೊಡಿ. ಕಣ್ಣು ಮುಚ್ಚಿ ಕೂತರೆ ಮನಸ್ಸು ಡಬ್ಬಿಗೆ ಯಾವ ಪಲ್ಯ ಎಂಬಲ್ಲಿಗೆ ಓಡುತ್ತದೆ. ಬೆರಳುಗಳು ಒಂದು ಕ್ರಮದಲ್ಲಿ ತೊಡಗಿದ್ದರೆ ಅಷ್ಟು ಸುಲಭವಾಗಿ ಓಡುವುದಿಲ್ಲ ಎಂಬುದು ನನ್ನ ಅನುಭವ. ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, 5ರಿಂದ 3 ಸಂದು ಚುಕ್ಕಿಯ ರಂಗೋಲಿ ಇಡಿ. ನಡುವೆ 5, ಅದರ ಮೇಲೆ ಮತ್ತು ಕೆಳಗೆ ಚುಕ್ಕಿಗಳ ಸಂದಿನಲ್ಲಿ ತಲಾ 4, ಆಮೇಲೆ ತಲಾ 3, ಹೀಗೆ ಒಟ್ಟು 19 ಚುಕ್ಕಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಪುಡಿ ಸಮನಾಗಿ ಜಾರಬೇಕಾದರೆ ಉಸಿರೂ ಸಮನಾಗಿರಬೇಕು. ಅವಸರಪಟ್ಟ ದಿನ ಗೆರೆಯೇ ಹೇಳಿಬಿಡುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಹೊಸ್ತಿಲ ಮುಂದಿನ ಎರಡು ಅಡಿ ಜಾಗ ಸಾಕಾಗುತ್ತದೆ. ರಂಗೋಲಿ ಒಗ್ಗದವರು ಕುಂಡಗಳಿಗೆ ನೀರು ಹಾಕಬಹುದು, ದೇವರ ದೀಪದ ಬತ್ತಿ ಹೊಸೆಯಬಹುದು. ಲಾಲ್‌ಬಾಗಿನ ನಡಿಗೆ ನಿಜಕ್ಕೂ ಒಳ್ಳೆಯದು, ಆದರೆ ಚಿಕ್ಕ ಮಕ್ಕಳಿರುವವರು ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಲಿ.

ಉಳಿದ ಐದು ನಿಮಿಷ ಕಿಟಕಿಯ ಬಳಿ ಕೂತು ಉಸಿರಾಡಿ: 4 ಸೆಕೆಂಡ್ ಒಳಕ್ಕೆ, 6 ಸೆಕೆಂಡ್ ಹೊರಕ್ಕೆ. ನಿಮಿಷಕ್ಕೆ 6 ಉಸಿರಾಯಿತು. ಉಸಿರು ಹೊರಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಪ್ರಭಾವದಿಂದ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಹೊರ ಉಸಿರನ್ನು ಉದ್ದ ಮಾಡುವುದು ಅದಕ್ಕಾಗಿ. ತಲೆ ಸುತ್ತಿದರೆ ನಿಲ್ಲಿಸಿ.

ಮನೆಯವರಿಗೆ ಹೇಳದೆ ಇದು ಬಹಳ ದಿನ ನಡೆಯುವುದಿಲ್ಲ. ಮೊದಮೊದಲು ನಾನು ಯಾರಿಗೂ ಹೇಳದೆ ಒಂದು ಗಂಟೆಯ ಯೋಗಾಸನ ಮತ್ತು ಪಾರಾಯಣ ಹಿಡಿದೆ. ನಾಲ್ಕನೆಯ ದಿನಕ್ಕೆ ಬಿಟ್ಟುಹೋಯಿತು, ಜೊತೆಗೆ ಮಕ್ಕಳ ಮೇಲೆ ರೇಗಾಟ ಹೆಚ್ಚಾಯಿತು. ಆಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ. ಅತ್ತೆ, ‘ನೀನು ರಂಗೋಲಿ ಮುಗಿಸಿಕೊಂಡೇ ಬಾಮ್ಮಾ, ಹಾಲು ನಾನು ಕಾಯಿಸ್ತೀನಿ’ ಎಂದರು. ಹಾಲಿನ ಪ್ಯಾಕೆಟ್ ಒಳಗೆ ತರುವುದು ಮತ್ತು ಮೋಟಾರ್ ಹಾಕುವುದು ಯಜಮಾನರ ಪಾಲಿಗೆ ಬಂತು. ಮಗಳು ಕೆಲವೊಮ್ಮೆ ಕಣ್ಣುಜ್ಜುತ್ತ ಬಂದು ಪಕ್ಕದಲ್ಲಿ ಕೂರುತ್ತಾಳೆ. ಅವಳನ್ನು ಒಳಗೆ ಕಳಿಸದೆ, ಕೊನೆಯ ಸಾಲಿನ ಮೂರು ಚುಕ್ಕಿ ಅವಳಿಗೇ ಬಿಡುತ್ತೇನೆ; ವಕ್ರವಾದರೂ ತಿದ್ದುವುದಿಲ್ಲ.

ಡಿಕಾಕ್ಷನ್ ಇಳಿದ ಮೇಲೆ ಬಿಸಿ ಹಾಲಿಗೆ ಬೆರೆಸಿ, ಅರ್ಧ ಲೋಟವನ್ನಾದರೂ ಕೂತು ಕುಡಿಯಿರಿ. ತರಕಾರಿ ಹೆಚ್ಚುವುದು, ಮೊಬೈಲ್ ನೋಡುವುದು ಆನಂತರ.

ನೂರು ಕಿಲೋಮೀಟರ್ ದೂರದಿಂದ ಪಂಪ್ ಆಗಿ ಬರುವ ಕಾವೇರಿ ನೀರು ನಸುಕಿನಲ್ಲೇ ಬಂದ ದಿನ, ಮಗುವಿಗೆ ಜ್ವರ ಬಂದ ದಿನ, ಇದೆಲ್ಲ ನಡೆಯದು. ಅಂದು ಸಂಪಿನ ಪಕ್ಕ ನಿಂತೇ ಆರು ಉಸಿರು ತೆಗೆದುಕೊಳ್ಳಿ. ತಪ್ಪಿದ್ದನ್ನು ಮರುದಿನ ಎರಡರಷ್ಟು ಮಾಡಿ ತುಂಬಿಸಲು ಹೋಗಬೇಡಿ. ರಾತ್ರಿ ಮಲಗುವ ಮುನ್ನ ಫಿಲ್ಟರಿಗೆ ಪುಡಿ ಹಾಕಿಡುವುದನ್ನು ಮಾತ್ರ ಮರೆಯಬೇಡಿ.