ಹಿಮ್ಮಡಿ ಜರುಗಿಸಿದ ಮೇಲೆ ಎದ್ದ ಗ್ಲೂಟ್ಸ್: ನನ್ನ ಅನುಭವ

"ಮಲಗಿಕೊಂಡು ಸೊಂಟ ಎತ್ತಿದರೆ ಗ್ಲೂಟ್ಸ್ ಬಂದುಬಿಡುತ್ತಾ?" ಎಂದು ನಕ್ಕವರೇ ಹೆಚ್ಚು. ಗ್ಲೂಟ್ಸ್‌ಗೆ, ಅಂದರೆ ಪೃಷ್ಠದ ಸ್ನಾಯುಗಳಿಗೆ, ವ್ಯಾಯಾಮ ಶುರು ಮಾಡಿ ಈಗ ಆರೇಳು ತಿಂಗಳಾಗಿರಬೇಕು. ಹಿಪ್ ಥ್ರಸ್ಟ್‌ನಲ್ಲಿ (ಬೆನ್ನನ್ನು ಬೆಂಚಿಗೆ ಆನಿಸಿ, ಸೊಂಟದ ಮೇಲೆ ತೂಕದ ಬಾರ್ ಇಟ್ಟು ಎತ್ತುವ ವ್ಯಾಯಾಮ) ಸುಮಾರು 90 ಕೆಜಿ ಎಂಟು ಸಲ ಏಳುತ್ತಿದೆ. ಮೆಟ್ಟಿಲಿಳಿಯುವಾಗ ಮಂಡಿ ಒಳಗೆ ವಾಲುತ್ತಿದ್ದದ್ದು ನಿಂತಿದೆ, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಮಾಡಿದ ಮರುದಿನ ನಡು ಹಿಡಿಯುವುದೂ ಇಲ್ಲ.

ಮೊದಲ ಎರಡು ತಿಂಗಳು ಬರೀ ವ್ಯರ್ಥ. ಬ್ರಿಡ್ಜ್ (ಅಂಗಾತ ಮಲಗಿ, ಮಂಡಿ ಮಡಚಿ ಸೊಂಟ ಎತ್ತುವುದು) ಮಾಡಿದಾಗಲೆಲ್ಲ ತೊಡೆಯ ಹಿಂಭಾಗ ಸೆಟೆದುಕೊಳ್ಳುತ್ತಿತ್ತು, ಗ್ಲೂಟ್ಸ್ ಮಾತ್ರ ಮೆತ್ತಗೇ ಇರುತ್ತಿದ್ದವು. ಎಡವಟ್ಟು ಇದ್ದದ್ದು ಪಾದದ ಜಾಗದಲ್ಲಿ. ಹಿಮ್ಮಡಿ ಸೊಂಟದಿಂದ ದೂರ ಹೋದಷ್ಟೂ ಭಾರ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ಗೆ, ತೀರಾ ಹತ್ತಿರ ಬಂದರೆ ತೊಡೆಯ ಮುಂಭಾಗಕ್ಕೆ. ಸೊಂಟ ಪೂರ್ತಿ ಮೇಲಿದ್ದಾಗ ಮೊಣಕಾಲು ಹಿಮ್ಮಡಿಯ ನೇರಕ್ಕೆ ಬರಬೇಕು. ಕೆಳಗಿರುವಾಗ ಅಳೆದರೆ ಲೆಕ್ಕ ತಪ್ಪುತ್ತದೆ. ಜಾಗ ಸಿಕ್ಕಿದ ದಿನವೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ.

ಇನ್ನೊಂದು ತಪ್ಪು, ಎತ್ತರದ ಆಸೆ. ಮಿತಿ ಮೀರಿ ಎತ್ತಿದರೆ ಬೆನ್ನು ಬಿಲ್ಲಿನಂತೆ ಬಾಗಿ ಕೆಲಸವನ್ನು ಗ್ಲೂಟ್ಸ್ ಬದಲು ಕೆಳಬೆನ್ನೇ ಮಾಡುತ್ತದೆ. ಉಸಿರು ಪೂರ್ತಿ ಬಿಟ್ಟು, ಪಕ್ಕೆಲುಬು ಇಳಿಸಿ, ಭುಜದಿಂದ ಮಂಡಿವರೆಗೆ ನೇರವಾದ ಕೂಡಲೇ ನಿಲ್ಲಿಸಬೇಕು.

ಎರಡೂ ಕಾಲಲ್ಲಿ ಬ್ರಿಡ್ಜ್, 15 ಸಲದ ಮೂರು ಸೆಟ್ (ಸುತ್ತು), ಮೇಲೆ ಎರಡೆರಡು ಸೆಕೆಂಡ್ ಹಿಡಿತ. ಸೆಳೆತ ಬರದೆ ಮುಗಿದರೆ ಒಂಟಿಕಾಲಲ್ಲಿ 8ರ ಮೂರು ಸೆಟ್. ಸೋತ ಕಾಲಿನಿಂದ ಶುರು ಮಾಡಿ, ಅದು ಎಷ್ಟು ಮಾಡಿತೋ ಗಟ್ಟಿ ಕಾಲಿಗೂ ಅಷ್ಟೇ. ಎರಡೂ ಸಮವಾಗುವ ತನಕ ಬಾರ್ ಮುಟ್ಟಲಿಲ್ಲ.

ಥ್ರಸ್ಟ್‌ಗೆ ಬೆಂಚ್ 40 ಸೆಂ.ಮೀ. ಆಸುಪಾಸು ಇದ್ದರೆ ಸಾಕು. ಎತ್ತರ ಜಾಸ್ತಿಯಾದರೆ ಪಾದದಡಿ ತೂಕದ ದಪ್ಪ ಪ್ಲೇಟ್ ಇಡಿ. ಬೆಂಚಿನ ಅಂಚು ಬೆನ್ನ ಮೇಲಿನ ಭುಜದ ಮೂಳೆಯ ಕೆಳತುದಿಗೆ ತಾಗಲಿ, ಗದ್ದ ಎದೆಯ ಕಡೆ ಇರಲಿ. ಬೆಂಚನ್ನು ಗೋಡೆಗೆ ಆನಿಸಲೇಬೇಕು, 60 ಕೆಜಿಯಲ್ಲಿ ಅದು ಹಿಂದಕ್ಕೆ ಜಾರಿದರೆ ಎದೆ ಝಲ್ಲೆನ್ನುತ್ತದೆ.

ದುಡ್ಡು ಹೋದದ್ದು ತೊಡೆಗೆ ಹಾಕಿಕೊಳ್ಳುವ ರಬ್ಬರ್ ಬ್ಯಾಂಡಿಗೆ. ತೆಳುವಾದವು ಮೊದಲು ಸುರುಳಿ ಸುತ್ತಿಕೊಂಡು ತೊಡೆ ಕಚ್ಚುತ್ತವೆ, ಆಮೇಲೆ ಹರಿಯುತ್ತವೆ. ಬ್ಯಾಂಡಿನ ಮೂರು ಸೆಟ್ ಕಸಕ್ಕೆ ಹೋದ ಮೇಲೆ ಬಟ್ಟೆಯ ಬ್ಯಾಂಡ್ ತಂದೆ, ಇನ್ನೂ ಗಟ್ಟಿಯಾಗಿದೆ. ನಿಜ ಹೇಳಬೇಕೆಂದರೆ ಪಕ್ಕದ ಗ್ಲೂಟ್‌ಗೆ, ಅಂದರೆ ಮೀಡಿಯಸ್‌ಗೆ, ಬ್ಯಾಂಡಿಗಿಂತ ಗೋಡೆಯೇ ವಾಸಿ. ಬೆನ್ನು ಗೋಡೆಗೆ ಕೊಟ್ಟು ಒಂದು ಮಗ್ಗುಲಿಗೆ ಮಲಗಿ, ಮೇಲಿನ ಕಾಲಿನ ಹಿಮ್ಮಡಿಯನ್ನು ಗೋಡೆಗೆ ಒತ್ತಿ ಜಾರಿಸುತ್ತಾ ಎತ್ತಬೇಕು. ಹಿಮ್ಮಡಿ ಗೋಡೆ ಬಿಟ್ಟು ಮುಂದೆ ಬಂದರೆ ಸೊಂಟದ ಮುಂಬದಿ ಭಾರ ಕಸಿದುಕೊಳ್ಳುತ್ತದೆ. ಹೀಗೆ ಮಾಡಿದರೆ 12 ಮುಗಿಸುವುದೇ ಕಷ್ಟ.

ಅಂಗಾಲು ಜೋಡಿಸಿ ಸೊಂಟ ಎತ್ತುವ ಫ್ರಾಗ್ ಪಂಪ್ ಕೂಡ ಒಂದು ತಿಂಗಳು ಪ್ರಯತ್ನಿಸಿದೆ. ಉರಿ ಜೋರಾಗಿಯೇ ಬಂತು, ಥ್ರಸ್ಟ್‌ನ ತೂಕ ಒಂದು ಕೆಜಿಯೂ ಏರಲಿಲ್ಲ. ಈಗ ವ್ಯಾಯಾಮದ ಕೊನೆಗೆ 25ರ ಒಂದೇ ಸೆಟ್, ಅದೂ ಮನಸ್ಸಿದ್ದರೆ.