ಮೊದಲ ಆಸಿಲೋಸ್ಕೋಪ್: 50 ಮೆಗಾಹರ್ಟ್ಸ್, ಎರಡು ಚಾನೆಲ್ ಸಾಕು

ಆಸಿಲೋಸ್ಕೋಪ್ ಅಂದರೆ ವೋಲ್ಟೇಜ್‌ನ ಏರಿಳಿತವನ್ನು ಪರದೆ ಮೇಲೆ ಅಲೆಯಾಗಿ ತೋರಿಸೋ ಉಪಕರಣ. ಕಲಿಯೋಕೆ ಸ್ಕೋಪ್ ತಗೊಳ್ಳೋರು 100 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ (ಅದು ತೋರಿಸಬಲ್ಲ ಆವರ್ತನದ ಮಿತಿ) ಇಲ್ಲದಿದ್ದರೆ ಆಗಲ್ಲ ಅಂದುಕೊಳ್ಳಬೇಡಿ. ಆಡಿಯೊ, ಆರ್ಡುಯಿನೊ (ಕಲಿಕೆಯ ಮೈಕ್ರೋಕಂಟ್ರೋಲರ್ ಬೋರ್ಡ್), ಐ2ಸಿ (ಚಿಪ್‌ಗಳು ಮಾತಾಡಿಕೊಳ್ಳೋ ಎರಡು ತಂತಿಯ ಸಂಪರ್ಕ) ಕೆಲಸಕ್ಕೆ 50 ಧಾರಾಳ. ಆದರೆ ಆ 50ರ ಹತ್ತಿರ ಸೈನ್ ಅಲೆಯ ಎತ್ತರ ಶೇ. 70ರಷ್ಟೇ ಕಾಣುತ್ತೆ. ಚೌಕ ಅಲೆಯ ಅಂಚು ಸರಿಯಾಗಿ ಕಾಣಬೇಕಾದರೆ ಐದು ಪಟ್ಟು ಲೆಕ್ಕ ಹಿಡಿಯಿರಿ: 10 ಮೆಗಾಹರ್ಟ್ಸ್ ಕ್ಲಾಕ್‌ಗೆ 50.

ಡಬ್ಬಿ ಮೇಲಿನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೆ ಅನ್ನೋದು) ಸಾಮಾನ್ಯವಾಗಿ ಒಂದು ಚಾನೆಲ್‌ನದು, ಅಂದರೆ ಒಂದು ಸಿಗ್ನಲ್ ಇನ್‌ಪುಟ್‌ನದು. ಎರಡೂ ಆನ್ ಮಾಡಿದರೆ ಅನೇಕ ಮಾಡೆಲ್‌ಗಳಲ್ಲಿ ಅರ್ಧಕ್ಕಿಳಿಯುತ್ತೆ. ಒಂದೇ ಚಾನೆಲ್‌ನದಂತೂ ಬೇಡವೇ ಬೇಡ, ಇನ್‌ಪುಟ್ ಔಟ್‌ಪುಟ್ ಒಟ್ಟಿಗೆ ನೋಡದೆ ಕಲಿಯೋದಾದರೂ ಏನು? ಕೆಲವು ನೂರು ಕಿಲೋಹರ್ಟ್ಸ್‌ನ ಪುಟಾಣಿ ಕಿಟ್‌ಗಳು ಆಡಿಯೊಗೆ ಸರಿ, ಅಷ್ಟೇ.

ಹೆಚ್ಚಿನವರು ಎಡವೋದು ಪ್ರೋಬ್‌ನಲ್ಲಿ, ಅಂದರೆ ಸರ್ಕ್ಯೂಟ್‌ಗೆ ತಾಗಿಸೋ ಕಡ್ಡಿಯಲ್ಲಿ. ಅದರ ಸ್ವಿಚ್‌ನಲ್ಲಿ 1ಎಕ್ಸ್ ಅಂದರೆ ಸಿಗ್ನಲ್ ಇದ್ದ ಹಾಗೇ, 10ಎಕ್ಸ್ ಅಂದರೆ ಹತ್ತರಲ್ಲೊಂದು ಭಾಗ. 1ಎಕ್ಸ್‌ನಲ್ಲಿ ಬ್ಯಾಂಡ್‌ವಿಡ್ತ್ ಕೆಲವೇ ಮೆಗಾಹರ್ಟ್ಸ್, ಸಾಲದ್ದಕ್ಕೆ ಕೇಬಲ್‌ನ ಕೆಪಾಸಿಟೆನ್ಸ್ ಸರ್ಕ್ಯೂಟ್ ಮೇಲೆ ಭಾರ ಹಾಕುತ್ತೆ. 10ಎಕ್ಸ್‌ನಲ್ಲೇ ಇಡಿ, ಮೆನುವಿನಲ್ಲೂ 10ಎಕ್ಸ್ ಅಂತ ಹಾಕಿ. ಇಲ್ಲದಿದ್ದರೆ 5 ವೋಲ್ಟ್ 0.5 ಅಂತ ತೋರಿಸುತ್ತೆ. ಮೊದಲ ದಿನವೇ ಪ್ರೋಬ್ ತುದಿಯನ್ನು ಸ್ಕೋಪ್‌ನಲ್ಲೇ ಇರುವ, 1 ಕಿಲೋಹರ್ಟ್ಸ್ ಚೌಕ ಅಲೆ ಕೊಡೋ ಪರೀಕ್ಷೆಯ ಕೊಕ್ಕೆಗೆ ಸಿಕ್ಕಿಸಿ. ಚೌಕದ ಮೂಲೆ ದುಂಡಗಿದ್ದರೂ ಮೊನಚಾಗಿ ಮೇಲೆದ್ದಿದ್ದರೂ ಪ್ರೋಬ್‌ನ ಪುಟ್ಟ ಸ್ಕ್ರೂ ತಿರುಗಿಸಿ ಮಟ್ಟ ಮಾಡಿ.

ಪ್ರೋಬ್‌ನ ಗ್ರೌಂಡ್ ಕ್ಲಿಪ್ ನೇರ ಮೇನ್ಸ್ (ಮನೆ ಕರೆಂಟ್) ಅರ್ಥ್‌ಗೆ ಹೋಗುತ್ತೆ. ಮೇನ್ಸ್‌ಗೆ ನೇರ ಸಂಪರ್ಕವಿರುವ ಸರ್ಕ್ಯೂಟ್‌ಗೆ ಅದನ್ನು ಸಿಕ್ಕಿಸಬೇಡಿ: ಶಾರ್ಟ್ ಆಗಿ ಕ್ಲಿಪ್ಪೇ ಸುಟ್ಟುಹೋಗುತ್ತೆ, ಸ್ಕೋಪೂ ಹೋಗಬಹುದು. ಹಾಗಂತ ಸ್ಕೋಪ್‌ನ ಅರ್ಥ್ ಪಿನ್ ಕಿತ್ತು ಬಳಸೋದು ಅದಕ್ಕಿಂತ ಅಪಾಯ.